ಎಡಗೈಗೊಂದು ಜಾಯ್‌ಸ್ಟಿಕ್

ಹಳೇ ಕಂಪ್ಯೂಟರಿಗೆ ಜಾಯ್‌ಸ್ಟಿಕ್ ಹುಡುಕೋದು ಅಂದ್ರೆ ಹಳೇ ಸೈಕಲ್ಲಿಗೆ ಪೆಡಲ್ ಹುಡುಕಿದ ಹಾಗಲ್ಲ. ಚೆಂದ ಕಂಡದ್ದೆಲ್ಲ ಕೂರೋದಿಲ್ಲ. ನಾನು ಹುಡುಕಿದ್ದು ನಮ್ಮಣ್ಣನಿಗಾಗಿ.

ಔರಾದದ ನಮ್ಮ ಮನೇಲಿ ಅವನ ಪೆಂಟಿಯಂ ಇನ್ನೂ ನಡೀತದೆ. ವಿಂಡೋಸ್ 98, ಅದರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 98. ಅಣ್ಣ ಬೀದರಿನಲ್ಲಿ ಕಾಲೇಜು ಓದುವಾಗ ತಲೆ ಮೇಲೆ ವಾಯುಪಡೆಯ ಕಿರಣ್ ವಿಮಾನಗಳು ಹಾರ್ತಿದ್ದವು. ಸೂರ್ಯಕಿರಣ್ ತಂಡ 1996ರಲ್ಲಿ ಶುರುವಾದದ್ದೂ ಅಲ್ಲೇ. ಪೈಲಟ್ ಆಗಬೇಕು ಅಂತಿದ್ದವ ಒಕ್ಕಲುತನಕ್ಕೆ ಬಂದ. ರಾತ್ರಿ ಕರೆಂಟ್ ಇದ್ದರೆ ಕೀಬೋರ್ಡಿನಲ್ಲೇ ವಿಮಾನ ಹಾರಿಸ್ತಿದ್ದ. 2019ರಲ್ಲಿ ಸೋಯಾ ರಾಶಿ ಮಾಡುವಾಗ ಮಷೀನಿಗೆ ಸಿಕ್ಕಿ ಬಲಗೈಯ ನಾಲ್ಕು ಬೆರಳು ಹೋದವು. ಹೆಬ್ಬೆರಳೊಂದು ಉಳೀತು. ಆಮೇಲೆ ಕಂಪ್ಯೂಟರಿಗೆ ಬಟ್ಟೆ ಹೊದಿಸಿಟ್ಟುಬಿಟ್ಟ.

ಮೊನ್ನೆ ದೀಪಾವಳಿಗೆ ಹೋದಾಗ ತಾನಾಗೇ ಕೇಳಿದ. "ತಮ್ಮಾ, ಎಡಗೈಲೆ ಹಾರಿಸ್ಲಿಕ್ಕೆ ಬರೋ ಹಂಗ ಒಂದು ಕೋಲು ಸಿಗ್ತದೇನು ನೋಡು."

ಸರಿ, ನೋಡಬೇಕಾದದ್ದು ಮೂರು.

ಮೊದಲನೇದು ಪ್ಲಗ್ಗು. ಈಗಿನವೆಲ್ಲ ಯುಎಸ್‌ಬಿ. ಅಣ್ಣನ ಪೆಂಟಿಯಂಗೆ ಅದು ಇಲ್ಲವೇ ಇಲ್ಲ. ಇರೋದು ಸೌಂಡ್ ಕಾರ್ಡಿನ ಹಿಂದಿನ 15 ಪಿನ್ನಿನ ಗೇಮ್ ಪೋರ್ಟ್. 1981ರ ಐಬಿಎಂ ಪಿಸಿ ಕಾಲದಿಂದ ಬಂದದ್ದು ಇದು. ಅಟಾರಿ ತರಹದ 9 ಪಿನ್ನಿನವು ಬೇರೆ ಜಾತಿ. ಅವುಗಳಲ್ಲಿ ಬರೀ ಸ್ವಿಚ್ಚು, ವಿಮಾನವನ್ನು ಸ್ವಲ್ಪವೇ ವಾಲಿಸೋಕೆ ಬರಲ್ಲ.

ಎರಡನೇದು ಸವೆತ. ಗೇಮ್ ಪೋರ್ಟಿನ ಕೋಲಿನೊಳಗೆ ರೇಡಿಯೋದ ವಾಲ್ಯೂಮ್ ಗುಂಡಿಯಂಥದ್ದು ಎರಡಿರ್ತವೆ, ಒಂದು ಎಡಬಲಕ್ಕೆ, ಒಂದು ಮೇಲೆಕೆಳಗೆ. ಮಲ್ಟಿಮೀಟರನ್ನು 1 ಮತ್ತು 3ನೇ ಪಿನ್ನಿಗೆ ಹಿಡಿದು ಕೋಲನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ಸರಿಸಿ. ಸೊನ್ನೆಯ ಹತ್ತಿರದಿಂದ ಸುಮಾರು 100 ಕಿಲೋ ಓಮ್ ತನಕ ಅಂಕಿ ಒಂದೇ ಸಮ ಏರಬೇಕು. ನಡುವೆ ನೆಗೆದರೆ ಒಳಗಿನ ಪಟ್ಟಿ ಸವೆದಿದೆ ಅಂತ. ಆಟದಲ್ಲಿ ವಿಮಾನ ನಡುಗ್ತದೆ. ಮೇಲೆಕೆಳಗಿನದಕ್ಕೆ 1 ಮತ್ತು 6.

ಮೂರನೇದು ಹಿಡಿಕೆ. ಒಳ್ಳೊಳ್ಳೆ ಕೋಲುಗಳು ಬಲಗೈಗೆಂದೇ ಅಚ್ಚು ಹಾಕಿದಂಥವು. ನನಗೆ ಎರಡೂ ಕೈಗೆ ಸಮ ಇರೋದು ಬೇಕಿತ್ತು. ಅಡಿಯೂ ಭಾರ ಇರಬೇಕು. ಹಗುರಾದರೆ ಇನ್ನೊಂದು ಕೈಲಿ ಒತ್ತಿ ಹಿಡೀಬೇಕಲ್ಲ?

ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಹಳೇ ಸಾಮಾನಿನ ರಾಶಿಯಿಂದ ನಾಲ್ಕು ತೆಗೆಸಿದೆ. ಥಳಥಳ ಅನ್ನೋ ಎರಡು ಬಲಗೈಯವು. ಮೂರನೇದರ ಅಂಕಿ ನೆಗೀತಿತ್ತು. ನಾಲ್ಕನೇದು ಬಣ್ಣ ಹಳದಿಯಾದ, ಯಾವ ಕಂಪನಿಯ ಹೆಸರೂ ಇಲ್ಲದ ದಪ್ಪ ಕೋಲು. ಅಂಕಿ ಬೆಣ್ಣೆ ಹಾಗೆ ಏರಿತು. ಅದನ್ನೇ ತಗೊಂಡೆ.

ಅಣ್ಣ ಈಗ ಎಡಗೈಲಿ ಕೋಲು ಹಿಡೀತಾನೆ. ಎಂಜಿನ್ನಿನ ವೇಗಕ್ಕೆ ಎಫ್2, ಎಫ್3 ಕೀಲಿ, ಅವನ್ನು ಬಲಗೈಯ ಹೆಬ್ಬೆರಳು ಒತ್ತುತ್ತದೆ. ಮೊದಲ ದಿನ ಮೂರು ಸಲ ವಿಮಾನ ಕೆಡವಿದ, ನಾಲ್ಕನೇ ಸಲ ಇಳಿಸಿದ. ಏನೂ ಮಾತಾಡಲಿಲ್ಲ. ಊಟಕ್ಕೆ ಕರೆದರೆ "ನೀವು ಉಣ್ರಿ" ಅಂದ.

ನಿಮ್ಮ ಅಟ್ಟದ ಮೇಲೆ 15 ಪಿನ್ನಿನ ಕೋಲೇನಾದರೂ ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಯಾರಿಗೋ ಬೇಕಾಗಿರ್ತದೆ.