ನಾಲ್ಕು ದಿಕ್ಕಿನ ಬಸ್ಸು, ಒಂದು ಕಲ್ಲುಬೆಂಚು

ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಬೆಳಗಿನ ಏಳು ಗಂಟೆಗೆ ಒಂದು ಕಲ್ಲುಬೆಂಚಿನ ಸುತ್ತ ನಾವು ಹನ್ನೊಂದು ಮಂದಿ ಹೆಂಗಸರು ಸೇರುತ್ತೇವೆ. ಕೂರಲು ಜಾಗವಿರುವುದು ಮೂವರಿಗೆ ಮಾತ್ರ! ಹುಣಸೂರಿಗೆ ಹೋಗುವವರು ಐವರು. ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗೆ ಇಬ್ಬಿಬ್ಬರು. ಟೀಚರುಗಳೇ ಹೆಚ್ಚು. ಒಬ್ಬರು ಬ್ಯಾಂಕಿನವರು, ಇನ್ನೊಬ್ಬರು ತಾಲ್ಲೂಕು ಕಚೇರಿಯವರು, ಕೋಟೆಯ ಕಡೆ ಹೋಗುವವರಲ್ಲಿ ಒಬ್ಬರು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸು. ನಮ್ಮ ಬಳಗಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಆದರೂ ಯಾರ ವರ್ಗಾವಣೆಯ ಅರ್ಜಿ ಯಾವ ಮೇಜಿನ ಮೇಲೆ ಕೂತಿದೆ, ಯಾವ ಬ್ಯಾಂಕಿನಲ್ಲಿ ಗೃಹಸಾಲ ಅಗ್ಗ, ಯಾರ ಮಗನಿಗೆ ಸಿ.ಇ.ಟಿ.ಯಲ್ಲಿ ಎಷ್ಟನೇ ರ‍್ಯಾಂಕು, ಇವೆಲ್ಲ ಆ ಇಪ್ಪತ್ತು ನಿಮಿಷದಲ್ಲಿ ತೀರ್ಮಾನವಾಗುತ್ತವೆ.

2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದ ಮೇಲೆ ನಮಗೆ ಟಿಕೆಟಿನ ಖರ್ಚು ಉಳಿಯಿತು, ಸೀಟು ಹೋಯಿತು. ಹುಣಸೂರು ಮೈಸೂರಿನಿಂದ ಸುಮಾರು 45 ಕಿಲೋಮೀಟರು. ಒಂದು ಗಂಟೆ ನಿಂತೇ ಹೋಗುವುದು ಅಭ್ಯಾಸವಾಯಿತು. ಹಾಗೆ ನಿಂತು ಹೋಗುತ್ತಿದ್ದಾಗಲೇ ಎರಡು ವರ್ಷದ ಹಿಂದಿನ ಜುಲೈನಲ್ಲಿ ಇಲವಾಲ ದಾಟಿ ಬಿಳಿಕೆರೆ ಬರುವಷ್ಟರಲ್ಲಿ ನಮ್ಮ ಬ್ಯಾಂಕಿನ ಗೆಳತಿ ಕುಸಿದು ಬಿದ್ದರು. ಯಾರೋ ಮುಖಕ್ಕೆ ನೀರು ಚಿಮುಕಿಸಿದರು, ಇನ್ಯಾರೋ ಈರುಳ್ಳಿ ಹುಡುಕಿದರು. ಹುಣಸೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.2!

ವಯಸ್ಕ ಹೆಂಗಸರಿಗೆ ಇದು ಕನಿಷ್ಠ 12 ಇರಬೇಕು, ಗರ್ಭಿಣಿಯರಿಗೆ 11. ಎಂಟಕ್ಕಿಂತ ಕೆಳಗಿಳಿದರೆ ಅದು ತೀವ್ರ ರಕ್ತಹೀನತೆ. ಎರಡು ವರ್ಷದಿಂದ ಆಕೆಗೆ ತಿಂಗಳಲ್ಲಿ ಹತ್ತು ಹನ್ನೆರಡು ದಿನ ಸ್ರಾವ ಆಗುತ್ತಿತ್ತಂತೆ. ಸೊಸೈಟಿ ಸಾಲದಿಂದ ಹಿಡಿದು ಅತ್ತೆಯ ಮುನಿಸಿನವರೆಗೆ ಎಲ್ಲವನ್ನೂ ನಮ್ಮೆದುರು ಬಿಚ್ಚಿಡುವ ಹೆಂಗಸು ಇದೊಂದನ್ನು ಹೇಳಿರಲಿಲ್ಲ. 'ಹೇಳೋದೇನ್ರೀ ಅದ್ರಲ್ಲಿ, ಎಲ್ರಿಗೂ ಇರೋದೇ ಅಲ್ವಾ' ಎಂದರು. ನಾವೂ ಕೇಳಿರಲಿಲ್ಲ.

ಮೊದಲು ತೋರಿಸಿದ ಕಡೆ, ಗರ್ಭಕೋಶದಲ್ಲಿ ಸಣ್ಣ ಗೆಡ್ಡೆಯಿದೆ, ಗರ್ಭಕೋಶವನ್ನೇ ತೆಗೆಸಿಬಿಡಿ ಎಂದರು. ಆಕೆಗೆ ಆಗ ನಲವತ್ತೊಂದು. ನಮ್ಮ ನರ್ಸಕ್ಕ ಪಟ್ಟು ಹಿಡಿದು ಇನ್ನೊಬ್ಬ ವೈದ್ಯರ ಬಳಿಗೆ ಕರೆದೊಯ್ದರು. ಅಲ್ಲಿ ಮಾತ್ರೆಯಿಂದಲೇ ಸ್ರಾವ ಹತೋಟಿಗೆ ಬಂತು, ಕಬ್ಬಿಣದ ಇಂಜೆಕ್ಷನ್ ಡ್ರಿಪ್ಪಿನಲ್ಲಿ ಕೊಟ್ಟರು. ಎಲ್ಲರಿಗೂ ಹೀಗೇ ಆಗುತ್ತದೆಂದಲ್ಲ. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕೇ ಆಗುತ್ತದೆ. ಆದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದಕ್ಕೆ ಒಂದು ದಿನದ ರಜೆ ಸಾಕು.

ಆಮೇಲೆ ಹನ್ನೊಂದು ಮಂದಿಯೂ ಪರೀಕ್ಷೆ ಮಾಡಿಸಿಕೊಂಡೆವು. ಆರು ಮಂದಿಗೆ 12ಕ್ಕಿಂತ ಕಡಿಮೆ. ನನ್ನದು 10.4. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ಈ ಸಂಖ್ಯೆಯನ್ನು ನಾನೇ ತರಗತಿಯಲ್ಲಿ ಪಾಠ ಮಾಡಿದ್ದೆ, ಅದರಲ್ಲಿ ನಾನೂ ಸೇರಿದ್ದೇನೆಂದು ಹೊಳೆದಿರಲಿಲ್ಲ!

ತಿಂಗಳಿಗೊಂದು ಭಾನುವಾರ ಒಬ್ಬರ ತಾಲ್ಲೂಕಿಗೆ ಎಲ್ಲರೂ ಹೋಗಬೇಕು, ನಡೆಯಬೇಕು ಎಂಬ ಯೋಚನೆ ಹುಟ್ಟಿದ್ದು ಹೀಗೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ, ಎರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ, ಇದು ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಲೆಕ್ಕ. ಶಾಲಾ ಮಕ್ಕಳಿಗಾದರೆ ದಿನಕ್ಕೆ ಸರಾಸರಿ ಒಂದು ಗಂಟೆ. ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಬಿಟ್ಟುಬರುವ ತಂದೆತಾಯಿಗಳು ಇದನ್ನು ಸ್ವಲ್ಪ ಗಮನಿಸಬೇಕು.

ಮೊದಲ ಸರದಿ ಕೃಷ್ಣರಾಜನಗರದ್ದು. ಬಸ್ಸು ಬೇಡವೆಂದು ರೈಲು ಹತ್ತಿದೆವು. ಸಾಗರಕಟ್ಟೆಯ ಸೇತುವೆಯ ಮೇಲೆ ಎರಡೂ ಕಡೆ ಕನ್ನಂಬಾಡಿಯ ಹಿನ್ನೀರು. ಹಳೆಯ ಎಡತೊರೆಯ ಪಕ್ಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಎದ್ದ ಊರಿದು. ಅಲ್ಲಿಂದ ಚುಂಚನಕಟ್ಟೆಗೆ ಹೋಗಿ ಕಾವೇರಿ ಧುಮುಕುವುದನ್ನೂ ಕೋದಂಡರಾಮನನ್ನೂ ನೋಡಿ ನಾಲೆಯ ಏರಿಯ ಮೇಲೆ ನಡೆಯತೊಡಗಿದೆವು. ಭತ್ತದ ಕಣಜವೆಂದು ಹೆಸರಾದ ತಾಲ್ಲೂಕು, ಆಗಸ್ಟ್ ತಿಂಗಳು, ನಾಟಿಯ ಭರಾಟೆ. ಗದ್ದೆಯಲ್ಲಿ ಸಾಲಾಗಿ ಬಗ್ಗಿದ ಹೆಂಗಸರಲ್ಲಿ ಒಬ್ಬ ಅಜ್ಜಿ ನಮ್ಮ ಕ್ಯಾನ್ವಾಸ್ ಬೂಟುಗಳನ್ನು ನೋಡಿ ಎಲ್ಲಿಗೆ ಹೊರಟಿರೆಂದು ವಿಚಾರಿಸಿದಳು. ವ್ಯಾಯಾಮಕ್ಕೆ ಎಂದೆವು. 'ಅಯ್ಯೋ ನಮ್ಮವ್ವ, ಅದಕ್ಯಾಕೆ ರೈಲು ಹತ್ತಿ ಬಂದ್ರಿ? ಇಳೀರಿ ಗದ್ದೆಗೆ' ಎಂದು ನಕ್ಕಳು.

ಇಳಿದೆವು. ಹತ್ತು ನಿಮಿಷಕ್ಕೆ ಸೊಂಟ ಕೂಗಿತು. 'ನಿಮಗೆ ನೋಯಲ್ವಾ ಅಜ್ಜಿ?' ಎಂದು ಕೇಳಿದ್ದಕ್ಕೆ, 'ನೋಯ್ತದೆ ಕಣವ್ವ. ನಾವು ಹೇಳಕಿಲ್ಲ ಅಷ್ಟೆಯ' ಎಂದಳು. ಹಳ್ಳಿಯ ಹೆಂಗಸಿಗೆ ವ್ಯಾಯಾಮ ಏತಕ್ಕೆ, ದಿನವಿಡೀ ದುಡಿಯುತ್ತಾಳಲ್ಲ ಎನ್ನುವವರು ಆ ಅಜ್ಜಿ ನಾಟಿ ಮುಗಿಸಿ ನೆಟ್ಟಗಾಗುವುದನ್ನು ಒಮ್ಮೆ ನೋಡಬೇಕು. ಎರಡೂ ಕೈಯನ್ನು ಮೊಣಕಾಲಿಗೆ ಊರಿ, ಒಂದೊಂದೇ ಮೂಳೆಯನ್ನು ಕೇಳಿಕೊಂಡು ಎದ್ದ ಹಾಗಿತ್ತು. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಬಗ್ಗಿರುವ ದುಡಿಮೆ ಬೇರೆ. ದೇಹ ಎಲ್ಲ ಕಡೆಗೂ ಚಾಚಿ, ಬಳಿಕ ವಿಶ್ರಾಂತಿ ಪಡೆಯುವ ವ್ಯಾಯಾಮ ಬೇರೆ.

ಮುಂದಿನ ತಿಂಗಳು ಪಿರಿಯಾಪಟ್ಟಣ ತಾಲ್ಲೂಕು. ಹುಣಸೂರು ದಾಟಿದರೆ ರಸ್ತೆಯ ಎರಡೂ ಕಡೆ ಹೊಗೆಸೊಪ್ಪಿನ ಹೊಲಗಳು, ನಡುನಡುವೆ ಎತ್ತರದ ಬ್ಯಾರನ್ನುಗಳು. ಕರ್ನಾಟಕದ ವರ್ಜೀನಿಯಾ ತಂಬಾಕಿನ ನಾಡೇ ಇದು. ಬೈಲಕುಪ್ಪೆಯ ಚಿನ್ನದ ಬುದ್ಧನನ್ನು ನೋಡಲು ಹೋಗುವ ಪ್ರವಾಸಿಗರು ಕಾರಿನ ಕಿಟಕಿಯಿಂದ ಇದನ್ನೆಲ್ಲ 'ಹಸಿರು' ಎಂದು ಫೋಟೊ ತೆಗೆಯುತ್ತಾರೆ. ನಾವು ಹೋದದ್ದು ಬೆಟ್ಟದಪುರದ ಕಡೆಯ ಒಂದು ಹಳ್ಳಿಗೆ, ನಮ್ಮ ಬಳಗದ ಟೀಚರೊಬ್ಬರ ತವರಿಗೆ.

ಜಿಟಿಜಿಟಿ ಮಳೆ. ಬ್ಯಾರನ್ನಿನ ಪಕ್ಕದ ಚಪ್ಪರದಡಿ ಏಳೆಂಟು ಹೆಂಗಸರು ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಸಾಲಾಗಿ ತೂಗುಹಾಕಿ, ಕೆಳಗೆ ಸೌದೆ ಉರಿಸಿ, ದಿನಗಟ್ಟಲೆ ಕಾವು ಕೊಟ್ಟು ಹದ ಮಾಡುತ್ತಾರೆ. ಕಟ್ಟುವವರ ಬೆರಳುಗಳೆಲ್ಲ ಕಪ್ಪು, ಅಂಟು. ಮೂಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತಲೆ ಹಿಡಿದು ಕೂತಿದ್ದಳು. ಬೆಳಗಿನಿಂದ ಎರಡು ಸಲ ವಾಂತಿಯಾಗಿತ್ತು. 'ಹೊಸಬರಿಗೆ ಹಂಗೇಯ. ಎರಡು ದಿನ ಕಟ್ಟಿದ್ರೆ ಸರಿ ಹೋಯ್ತದೆ' ಎಂದು ಅವಳ ಅವ್ವ ಸಮಾಧಾನ ಹೇಳುತ್ತಿದ್ದಳು.

ಇದಕ್ಕೆ ವೈದ್ಯರು ಹಸಿರು ತಂಬಾಕಿನ ಕಾಯಿಲೆ ಎನ್ನುತ್ತಾರೆ. ಎಲೆಯ ಮೇಲಿನ ಮಳೆನೀರು, ಇಬ್ಬನಿ, ಬೆವರಿನಲ್ಲಿ ನಿಕೋಟಿನ್ ಕರಗುತ್ತದೆ. ಚರ್ಮದ ಮೂಲಕ ಮೈಯೊಳಗೆ ಇಳಿಯುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ವಾಂತಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿದುಹೋಗುತ್ತದೆ, ಅದಕ್ಕೇ ಯಾರೂ ಅದನ್ನು ಕಾಯಿಲೆಯೆಂದು ಎಣಿಸುವುದಿಲ್ಲ. ಬೀಡಿ ಮುಟ್ಟದ ಹೆಂಗಸಿನ ಮೈಗೂ ತಂಬಾಕು ಹೀಗೆ ಸೇರುತ್ತದೆ. ರಬ್ಬರ್ ಕೈಗವಸು, ಮಡಿಲಿಗೊಂದು ಪ್ಲಾಸ್ಟಿಕ್ ಹಾಳೆ, ನೆನೆದ ಬಟ್ಟೆ ಬದಲಿಸುವುದು, ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಯುವುದು, ಬಸುರಿಯರನ್ನು ಈ ಕೆಲಸಕ್ಕೆ ಕೂರಿಸದಿರುವುದು: ದುಬಾರಿಯಾದದ್ದು ಇದರಲ್ಲಿ ಯಾವುದೂ ಇಲ್ಲ. ಆದರೆ ಕೈಗವಸು ಹಾಕಿದರೆ ಗಂಟು ಬೇಗ ಬೀಳುವುದಿಲ್ಲ, ಕೂಲಿ ಕಡ್ಡಿಯ ಲೆಕ್ಕದಲ್ಲಿ! ಅವರ ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಹುಡುಗಿಯನ್ನು ಮಾತ್ರ ಚಪ್ಪರದಿಂದ ಎಬ್ಬಿಸಿ, ಕೈಕಾಲು ತೊಳೆಸಿ, ಒಣ ಲಂಗ ಉಡಿಸಿ ಮಲಗಿಸಿದೆವು. ಸೋಮವಾರ ಸ್ಕೂಲಿಗೆ ಬರುತ್ತೀಯಾ ಎಂದು ಕೇಳಿದರೆ ಅವಳು ಅವ್ವನ ಮುಖ ನೋಡಿದಳು. ಸೊಪ್ಪು ಮುರಿಯುವ ಕಾಲದಲ್ಲಿ ಈ ಭಾಗದ ಹಾಜರಿ ಪುಸ್ತಕಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಏನಿರುತ್ತದೆಂದು ನಮ್ಮಂಥ ಟೀಚರುಗಳಿಗೆ ಗೊತ್ತು.

ಹುಣಸೂರಿನ ಸರದಿ ಬಂದಾಗ ನಾನು ದೂರವೆಲ್ಲೂ ಕರೆದೊಯ್ಯಲಿಲ್ಲ. ಲಕ್ಷ್ಮಣತೀರ್ಥದ ಸೇತುವೆಯ ತನಕ ನಡೆದು, ಅಲ್ಲಿಂದ ನನ್ನ ಶಾಲೆಗೇ ಹೋದೆವು. ಶಾಲೆಯ ಹೆಸರು ಇಲ್ಲಿ ಬೇಡ. ಅಲ್ಲಿ ಹೆಣ್ಣುಮಕ್ಕಳ ಶೌಚಾಲಯ ಇತ್ತು, ಅದಕ್ಕೆ ಬೀಗವೂ ಇತ್ತು, ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿನಲ್ಲಿತ್ತು. ಗಂಡಸರ ಮುಂದೆ ಹೋಗಿ ಯಾವ ಹುಡುಗಿ ಕೇಳುತ್ತಾಳೆ? ನಾವು ಟೀಚರುಗಳೇ ಕೇಳುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದರೆ ಸಂಜೆ ಆರರವರೆಗೆ ನೀರು ಮುಟ್ಟದಿರುವುದು ನಮ್ಮ ಬಳಗದ ಅಲಿಖಿತ ನಿಯಮ. ಉರಿಮೂತ್ರ, ಸೋಂಕು ಬಂದರೆ 'ಉಷ್ಣ' ಎಂದು ಎಳನೀರು ಕುಡಿದು ಸುಮ್ಮನಾಗುತ್ತಿದ್ದೆವು.

ಆ ವಾರ ನಾನು ಹತ್ತನೇ ತರಗತಿಯ ಹುಡುಗಿಯರನ್ನು ಕೂರಿಸಿಕೊಂಡು ಕೇಳಿದೆ: ಶಾಲೆಯಲ್ಲಿ ಎಷ್ಟು ಮಂದಿ ನೀರು ಕುಡಿಯುತ್ತೀರಿ? ಒಂದು ಕೈಯೂ ಮೇಲೇಳಲಿಲ್ಲ. ಕೊನೆಗೆ ಹಿಂದಿನ ಬೆಂಚಿನವಳು, 'ನೀವೂ ಕುಡಿಯಲ್ವಲ್ಲ ಮಿಸ್' ಎಂದಳು. ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ನಾನು ಕಲಿಸಿದ ಪಾಠಗಳಲ್ಲಿ ಚೆನ್ನಾಗಿ ನಾಟಿದ್ದು ಇದೊಂದೇ ಇರಬೇಕು. ಈಗ ಬೀಗದ ಕೈ ಸ್ಟಾಫ್ ರೂಮಿನ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಅದಕ್ಕೂ ಎರಡು ತಿಂಗಳ ಜಗಳ ಬೇಕಾಯಿತು.

ನಾವು ಮಾಡಿಕೊಂಡ ಬದಲಾವಣೆಗಳು ಸಣ್ಣವು. ಎಲ್ಲರ ಚೀಲದಲ್ಲೂ ನೀರಿನ ಬಾಟಲಿ. ಒಂದು ಸ್ಟಾಪ್ ಮೊದಲೇ ಇಳಿದು ನಡಿಗೆ. ವೈದ್ಯರು ಬರೆದುಕೊಟ್ಟವರು ಕಬ್ಬಿಣದ ಮಾತ್ರೆ ನುಂಗಿ ಒಂದು ಗಂಟೆ ಕಾಫಿ, ಟೀ ಮುಟ್ಟುವುದಿಲ್ಲ, ಅವು ಕಬ್ಬಿಣ ಮೈಗೆ ಹಿಡಿಯಲು ಬಿಡುವುದಿಲ್ಲ. ನಿಂಬೆಹಣ್ಣಿನ ಹುಳಿ ಅದಕ್ಕೆ ನೆರವಾಗುತ್ತದೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಮಕ್ಕಳು ಕಿಟಕಿಯಾಚೆ ಎಸೆಯುವುದುಂಟು. ಊಟದ ನಂತರ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಇನ್ನು ಬಸ್ಸು ಬರುವ ತನಕ ಬೆಂಚು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕೂತು ಏಳುವುದು. ಹನ್ನೊಂದು ಮಂದಿ ಒಟ್ಟಿಗೆ ಹಿಮ್ಮಡಿ ಎತ್ತುವುದನ್ನು ನೋಡಿದ ಕಂಡಕ್ಟರೊಬ್ಬರು, 'ಯಾಕ್ ಮೇಡಂ, ಬಸ್ಸು ಬರೋದು ಕಾಣ್ತಿಲ್ವಾ?' ಎಂದು ಕೇಳಿದ್ದುಂಟು!

ನವೆಂಬರಿನಲ್ಲಿ ಬ್ಯಾಂಕಿನ ಗೆಳತಿ ತಾನಾಗಿಯೇ ಬೆಟ್ಟದಪುರದ ಬೆಟ್ಟ ಹತ್ತೋಣ ಎಂದರು. ಸಿಡಿಲು ಮಲ್ಲಿಕಾರ್ಜುನನ ಗುಡಿಗೆ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ನಮ್ಮಲ್ಲಿ ನಾಲ್ವರು ಅರ್ಧದಲ್ಲೇ ಕೂತೆವು, ನಾನೂ ಅವರಲ್ಲೊಬ್ಬಳು. ಆಕೆ ಮೇಲಿನ ತನಕ ಹೋಗಿಬಂದರು. ಆ ತಿಂಗಳ ಅವರ ರಕ್ತದ ಲೆಕ್ಕ 11.6.

ಕೊನೆಯ ಸರದಿ ಕೋಟೆಯದು. ಮಾನಂದವಾಡಿ ರಸ್ತೆಯಲ್ಲಿ ಜಯಪುರ, ಹಂಪಾಪುರ ದಾಟಿ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದರೆ ಚಳಿಗಾಳಿ, ಹತ್ತಿ ತುಂಬಿದ ಗಾಡಿಗಳು. ಕಾಡು, ಕಬಿನಿಯ ಹಿನ್ನೀರು, ಹಾಡಿಗಳಿರುವ ಸೀಮೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಂದಿಗೆ 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿ, ಬಳಿಕ ಕೆಲಸಕ್ಕೆ ಆರಿಸಿಕೊಂಡದ್ದು ಈ ತಾಲ್ಲೂಕನ್ನೇ. ಅವರ ಆಸ್ಪತ್ರೆಯಿರುವ ಸರಗೂರು ಈಗ ಪ್ರತ್ಯೇಕ ತಾಲ್ಲೂಕು. ಡಾಕ್ಟರಾಗುವ ಕನಸಿನಲ್ಲಿ 'ನೀಟ್' ಪುಸ್ತಕ ಹಿಡಿದು ಬೆಳಗಿನ ತಿಂಡಿ ಬಿಡುವ ನನ್ನ ಮಗಳಿಗೆ ಈ ಕತೆಯನ್ನು ತಿಂಡಿಯ ಹೊತ್ತಿಗೇ ಹೇಳುತ್ತಿರುತ್ತೇನೆ.

ಇಲ್ಲಿನ ಆದಿವಾಸಿಗಳಲ್ಲಿ ಕೆಲವರಿಗೆ ಕುಡಗೋಲು ಕಣದ ರಕ್ತಹೀನತೆ ಹುಟ್ಟಿನಿಂದಲೇ ಇರುತ್ತದೆ, ಅದು ಬರಿಯ ಕಬ್ಬಿಣದ ಮಾತ್ರೆಗೆ ಬಗ್ಗುವುದಿಲ್ಲ ಎಂದು ನರ್ಸಕ್ಕ ದಾರಿಯಲ್ಲಿ ವಿವರಿಸಿದರು. ರಕ್ತ ಕಡಿಮೆ ಎಂದ ಕೂಡಲೇ ಅಂಗಡಿಯ ಮಾತ್ರೆ ನುಂಗದೆ ಕಾರಣ ಹುಡುಕಬೇಕು ಎನ್ನುವುದು ಅದಕ್ಕೇ. ಈ ಕಾಯಿಲೆಯ ನಿರ್ಮೂಲನೆಗೆಂದೇ ಕೇಂದ್ರ ಸರ್ಕಾರ 2023ರ ಜುಲೈ 1ರಂದು ಪ್ರತ್ಯೇಕ ಅಭಿಯಾನ ಆರಂಭಿಸಿತು.

ಊರಿನ ಅಂಗನವಾಡಿಯಲ್ಲಿ ಆಶಾ ಕಾರ್ಯಕರ್ತೆ ನಮಗಾಗಿ ಕಾದಿದ್ದರು. ಅವರೆಕಾಳಿನ ಸಾರು, ಮುದ್ದೆ, ಹುಚ್ಚೆಳ್ಳು ಚಟ್ನಿಯ ಊಟ. ಆಶಾ ಎಂದರೆ ಸರಿಸುಮಾರು ಸಾವಿರ ಜನಕ್ಕೊಬ್ಬರು. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಈ ಕೆಲಸಕ್ಕೆ ಸಿಗುವುದು ಸಂಬಳವಲ್ಲ, ಗೌರವಧನ, ಪ್ರೋತ್ಸಾಹಧನ. ಊಟದ ಮೇಲೆ ಅವರು ತಮ್ಮ ಪುಸ್ತಕ ತೋರಿಸಿದರು. ಊರಿನಲ್ಲಿ ಮೂವತ್ತು ದಾಟಿದ ಹೆಂಗಸರೆಲ್ಲರ ಹೆಸರು, ಬಿ.ಪಿ., ಸಕ್ಕರೆ ನೋಡಿಸಿದ ತಾರೀಖು, ಅಚ್ಚುಕಟ್ಟಾದ ಅಕ್ಷರ. ನರ್ಸಕ್ಕ ಪುಟ ತಿರುವುತ್ತಾ ಕೇಳಿದರು:

'ನಿನ್ನ ಹೆಸರು ಎಲ್ಲಮ್ಮ ಇಲ್ಲಿ?'

'ನಂದ್ಯಾಕಕ್ಕ? ನಾನು ಬರಕೊಳ್ಳೋಳಲ್ವಾ?'

ನರ್ಸಕ್ಕ ಚೀಲದಿಂದ ಬಿ.ಪಿ. ಯಂತ್ರ ತೆಗೆದು ಅವರ ತೋಳಿಗೆ ಸುತ್ತಿದರು. 160/100. ಐದು ನಿಮಿಷ ಬಿಟ್ಟು ನೋಡಿದರೂ ಹೆಚ್ಚೂಕಡಿಮೆ ಅಷ್ಟೇ. ಒಂದು ದಿನದ ಲೆಕ್ಕದಿಂದಲೇ ಬಿ.ಪಿ. ಎನ್ನಲಾಗದು, ಸೋಮವಾರ ಆರೋಗ್ಯ ಕೇಂದ್ರಕ್ಕೆ ಬಾ, ಡಾಕ್ಟರು ನೋಡಲಿ ಎಂದರು. ಆಕೆ ತಲೆಯಾಡಿಸಿ, ಪುಸ್ತಕವನ್ನು ತೊಡೆಯ ಮೇಲೆಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.

'ಇದೇ ಬುಕ್ಕಲ್ಲೇ ಬರೀಲಾ ಅಕ್ಕ?'

'ಅದ್ರಲ್ಲೇ ಬರಿ' ಎಂದರು ನರ್ಸಕ್ಕ. ಹೊರಗೆ ನಮ್ಮ ಬಸ್ಸಿಗೆ ಹೊತ್ತಾಗಿತ್ತು.