ಒಂದೇ ಹಂಡೆ, ಎರಡು ಕಾವು

ಗಾಜಿಯಾ ಕ್ಲಾಸಿಕ್ ಎಸ್ಪ್ರೆಸೊ ಯಂತ್ರದ ಮುಖದ ಮೇಲೆ ಇರುವುದು ಮೂರೇ ಸ್ವಿಚ್ಚು. ಒಂದು ಯಂತ್ರ ಹಚ್ಚಲು, ಒಂದು ಕಾಫಿ ಇಳಿಸಲು, ಇನ್ನೊಂದು ಹಬೆಗೆ. ಹೊಟ್ಟೆಯೊಳಗಿನ ಬಾಯ್ಲರ್ ಹಿಡಿಯುವ ನೀರು ಸುಮಾರು 100 ಮಿಲಿಲೀಟರ್, ಒಂದು ಸಣ್ಣ ಲೋಟದಷ್ಟು. ಬೆಳಗಿನ ಎರಡು ಕೆಲಸವೂ ಅಷ್ಟೇ ನೀರಿನಿಂದ ಆಗಬೇಕು: ಪುಡಿಯಿಂದ ಕಾಫಿ ಇಳಿಯಬೇಕು, ಹಾಲು ನೊರೆಯೇಳಬೇಕು. ಕಾಫಿಗೆ 93 ಡಿಗ್ರಿಯ ಆಸುಪಾಸಿನ ನೀರು ಸಾಕು. ಹಬೆ ಬೇಕೆಂದರೆ ಬಾಯ್ಲರ್ 130 ಡಿಗ್ರಿ ದಾಟಬೇಕು.

ಹಬ್ಬದ ದಿನ ಬಚ್ಚಲ ಹಂಡೆಯ ಮುಂದೆ ಕೂತವರಿಗೆ ಇದು ಹೊಸ ಸಂಗತಿಯಲ್ಲ. ಎಣ್ಣೆ ಹಚ್ಚಿಕೊಂಡ ಅಜ್ಜನಿಗೆ ಸುಡುಸುಡು ನೀರು ಬೇಕು, ತೊಟ್ಟಿಲ ಮಗುವಿಗೆ ಹದವಾದದ್ದು. ಹಂಡೆ ಒಂದೇ. ಯಾರು ಮೊದಲು, ಯಾರು ಆಮೇಲೆ ಎಂಬುದನ್ನು ಒಲೆಯ ಮುಂದೆ ಕೂತವರು ಮೊದಲೇ ಯೋಚಿಸಿಟ್ಟುಕೊಳ್ಳುತ್ತಾರೆ. ಸಿಂಗಲ್ ಬಾಯ್ಲರ್ ಯಂತ್ರ ಕೊಳ್ಳುವವರು ಯೋಚಿಸಬೇಕಾದದ್ದೂ ಈ ಸರದಿಯನ್ನೇ.

ಇಟಲಿಯಲ್ಲಿ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಟ್ಯೂರಿನ್‌ನ ಆಂಜೆಲೊ ಮೊರಿಯೊಂಡೊ 1884ರಲ್ಲಿ, ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಪೇಟೆಂಟ್ ಪಡೆದರು. ಹಬೆಯ ಒತ್ತಡಕ್ಕೆ ಮಿತಿಯಿತ್ತು. ಅದನ್ನು ಹೆಚ್ಚಿಸಲು ಹೋದರೆ ಪುಡಿ ಸುಟ್ಟು ಕಾಫಿ ಕಹಿಯಾಗುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಕಿಲ್ಲೆ ಗಾಜಿಯಾ ಅವರ ಸನ್ನೆಕೋಲಿನ ಯಂತ್ರ ಬಂತು. ಸ್ಪ್ರಿಂಗಿನ ಒತ್ತಡದಲ್ಲಿ ಇಳಿದ ಕಾಫಿಯ ಮೇಲೆ ಕ್ರೆಮಾ ಎಂಬ ಹೊಂಬಣ್ಣದ ನೊರೆ ಕಟ್ಟಿತು. 1961ರಲ್ಲಿ ಫಾಯೆಮಾ ಕಂಪನಿಯ ಇ61 ಯಂತ್ರ ಆ ಒತ್ತುವ ಕೆಲಸವನ್ನು ಪಂಪಿಗೆ ವಹಿಸಿತು. ಹೋಟೆಲಿನ ಈ ವಿದ್ಯೆ ಅಡುಗೆಮನೆಯ ಕಟ್ಟೆಗೆ ಇಳಿದು ಬಂದಾಗ ಎರಡು ಯಂತ್ರಗಳು ಹೆಸರು ಮಾಡಿದವು: 1991ರ ಗಾಜಿಯಾ ಕ್ಲಾಸಿಕ್, 1997ರ ರಾಂಚಿಲಿಯೊ ಸಿಲ್ವಿಯಾ. ಮನೆಗೊಂದು ಗಟ್ಟಿ ಯಂತ್ರ ಬೇಕೆಂದು ಹೊರಟವರು ಇಂದಿಗೂ ಮೊದಲು ವಿಚಾರಿಸುವುದು ಈ ಎರಡನ್ನೇ.

ಎರಡಕ್ಕೂ ಹೋಟೆಲಿನ ಅಳತೆಯ 58 ಮಿಲಿಮೀಟರಿನ ಪೋರ್ಟಾಫಿಲ್ಟರ್, ಅಂದರೆ ಪುಡಿ ತುಂಬುವ ಹಿಡಿಕೆಯ ಬಟ್ಟಲು, ಇದೆ. ಅಂತರವಿರುವುದು ಹೊಟ್ಟೆಯಲ್ಲಿ. ಸಿಲ್ವಿಯಾದ ಹಿತ್ತಾಳೆ ಬಾಯ್ಲರ್ 300 ಮಿಲಿಲೀಟರ್ ಹಿಡಿಯುತ್ತದೆ. 18 ಗ್ರಾಂ ಪುಡಿ ಹಾಕಿ 36 ಗ್ರಾಂ ಕಾಫಿ ಇಳಿಸುವಾಗ, ಪುಡಿ ಹೀರಿಕೊಳ್ಳುವುದೂ ಸೇರಿ ಸುಮಾರು 60 ಮಿಲಿಲೀಟರ್ ನೀರು ಬಾಯ್ಲರಿನಿಂದ ಹೊರಡುತ್ತದೆ. ಅಷ್ಟೇ ತಣ್ಣೀರು ಹಿಂದಿನಿಂದ ಒಳಗೆ ಬರುತ್ತದೆ. ಸಿಲ್ವಿಯಾಕ್ಕೆ ಅದು ಐದರಲ್ಲೊಂದು ಪಾಲು, ಕ್ಲಾಸಿಕ್‌ಗೆ ಅರ್ಧಕ್ಕಿಂತ ಹೆಚ್ಚು. ಸಣ್ಣ ಬಾಯ್ಲರ್ ಬೇಗ ಕಾಯುತ್ತದೆ, ಬೇಗ ಆರುತ್ತದೆ. ದೊಡ್ಡದು ನಿಧಾನವಾಗಿ ಕಾಯ್ದು ಬಿಸಿ ಹಿಡಿದುಕೊಳ್ಳುತ್ತದೆ, ಹಬೆಯನ್ನೂ ಹೆಚ್ಚು ಹೊತ್ತು ಕೊಡುತ್ತದೆ.

ಹಳೆಯ ಸಿಲ್ವಿಯಾ ಇರುವ ಅಡುಗೆಮನೆಯ ಬೆಳಗು ಹೀಗಿರುತ್ತದೆ. ಯಂತ್ರ ಹಚ್ಚಿ ಅರ್ಧ ಗಂಟೆಯಾಗಿದೆ. ಪೋರ್ಟಾಫಿಲ್ಟರನ್ನು ಸಿಕ್ಕಿಸಿಯೇ ಇಟ್ಟಿದ್ದರಿಂದ ಅದರ ಹಿತ್ತಾಳೆಯೂ ಬಿಸಿಯೇರಿದೆ. ಸ್ವಲ್ಪ ನೀರು ಹೊರಬಿಟ್ಟರೆ ಬಾಯ್ಲರ್ ತಣಿದು ದೀಪ ಹೊತ್ತಿಕೊಳ್ಳುತ್ತದೆ. ನೀರು ಕಾಯಿಸುವ ಕಾಯಿಲ್ ದುಡಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ದೀಪ ಆರಿದ ಕೂಡಲೇ ಕಾಫಿ ಇಳಿಸುವಂತಿಲ್ಲ. ಕಾಯಿಲಿನಲ್ಲಿ ಉಳಿದ ಶಾಖ ನೀರಿನ ಕಾವನ್ನು ಇನ್ನೂ ಮೇಲಕ್ಕೊಯ್ಯುತ್ತದೆ, ಆಮೇಲೆ ಅದು ಮೆಲ್ಲಗೆ ಇಳಿಯತೊಡಗುತ್ತದೆ. ಆ ಇಳಿಜಾರಿನಲ್ಲಿ ಹದ ಸಿಗುವ ಕ್ಷಣಕ್ಕಾಗಿ ನಿಂತವರು ಸೆಕೆಂಡು ಎಣಿಸುತ್ತಾರೆ. ಬೇಗ ಒತ್ತಿದರೆ ಕಹಿ, ತಡವಾದರೆ ಹುಳಿ. ಹವ್ಯಾಸಿಗಳು ಇದನ್ನು ಟೆಂಪರೇಚರ್ ಸರ್ಫಿಂಗ್ ಎನ್ನುತ್ತಾರೆ. ಸರಿಯಾಗಿ ಬಿದ್ದ ದಿನ ಜೇನಿನ ಎಳೆಯಂತೆ ಇಳಿದ ಕಾಫಿ ಇಪ್ಪತ್ತೈದು ಮೂವತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ, ಅಡುಗೆಮನೆ ತುಂಬ ಘಮ ಹರಡುತ್ತದೆ.

ಆಮೇಲೆ ಹಬೆಯ ಸ್ವಿಚ್ಚು. ಬಾಯ್ಲರ್ ಮೇಲಿನ ಕಾವಿಗೆ ಏರುವವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಕಪ್ಪಿನ ಕ್ರೆಮಾ ತೆಳ್ಳಗಾಗುತ್ತಾ ಬರುತ್ತದೆ. ನಳಿಗೆಯಲ್ಲಿ ನಿಂತ ನೀರನ್ನು ಬಟ್ಟೆಗೆ ಹೊಡೆಸಿ, ಒಣ ಹಬೆ ಬಂದ ಮೇಲೆ ಹಾಲಿನ ಜಗ್ಗನ್ನು ಹಿಡಿಯಬೇಕು. ಅಂಗೈಗೆ ಜಗ್ಗು ತಾಳದಷ್ಟು ಬಿಸಿಯಾದರೆ ಹಾಲು 60-65 ಡಿಗ್ರಿಗೆ ಬಂದಂತೆ. ಹಬೆಯಾಡುವ ಫಿಲ್ಟರ್ ಕಾಫಿ ಕುಡಿದು ಬೆಳೆದ ನಾಲಿಗೆಗೆ ಇದು ಆರಿದಂತೆ ಕಾಣಬಹುದು. ಆದರೆ ಹಾಲಿನ ಸಿಹಿ ಎದ್ದು ಬರುವುದು, ನೊರೆ ರೇಷ್ಮೆಯಂತಾಗುವುದು ಈ ಹದದಲ್ಲೇ.

ಎಣಿಸುವ ಈ ಕೆಲಸವನ್ನು ತಪ್ಪಿಸಲೆಂದು 2000ದ ದಶಕದಲ್ಲಿ ಹವ್ಯಾಸಿಗಳು ಸಿಲ್ವಿಯಾಕ್ಕೆ ಪಿಐಡಿ ಎಂಬ ಕಾವು ನಿಯಂತ್ರಕ ಕೂರಿಸತೊಡಗಿದರು. ಹಳೆಯ ಥರ್ಮೋಸ್ಟಾಟ್ ಪೂರ್ತಿ ಹೊತ್ತಿಸಿ ಪೂರ್ತಿ ಆರಿಸುತ್ತದೆ. ಪಿಐಡಿ ಗುರಿ ಹತ್ತಿರವಾದಂತೆ ಬಿಸಿಯನ್ನು ಚೂರುಚೂರೇ ಕೊಡುತ್ತದೆ. ಈಗ ಲೆಲಿಟ್ ವಿಕ್ಟೋರಿಯಾ, ಪ್ರೊಫಿಟೆಕ್ ಗೋ ಮೊದಲಾದವು ಪಿಐಡಿ ಸಮೇತವೇ ಬರುತ್ತವೆ. ಎರಡು ಮಾದರಿಗಳ ನಡುವೆ ಮನಸ್ಸು ತೂಗುವಾಗ, ಹೊಳಪು ಮೈಗಿಂತ ಪಿಐಡಿಯ ಪುಟ್ಟ ಪರದೆಗೆ ಹಣ ಹಾಕಿದರೆ ದಿನವೂ ಉಪಯೋಗ.

ಡಬ್ಬದ ಮೇಲಿನ “15 ಬಾರ್” ಎಂಬ ದೊಡ್ಡ ಅಕ್ಷರಕ್ಕೆ ಮಾತ್ರ ಮರುಳಾಗಬೇಕಿಲ್ಲ. ಅದು ಪಂಪಿನ ಗರಿಷ್ಠ ಶಕ್ತಿ; ಕಾಫಿಗೆ ಬೇಕಾದದ್ದು 9 ಬಾರ್. ಹೆಚ್ಚಿನ ಒತ್ತಡ ಪುಡಿಯ ಬಿಲ್ಲೆಯನ್ನು ಸೀಳಿ, ಅಲ್ಲಲ್ಲಿ ಕಾಲುವೆ ಮಾಡಿಕೊಂಡು ನೀರು ನುಗ್ಗುವಂತೆ ಮಾಡುತ್ತದೆ. ಹಳೆಯ ಕ್ಲಾಸಿಕ್ ಇಟ್ಟುಕೊಂಡವರು ಒಂದು ಪುಟ್ಟ ಸ್ಪ್ರಿಂಗ್ ಬದಲಿಸಿ ಒತ್ತಡ ಇಳಿಸಿಕೊಳ್ಳುತ್ತಾರೆ.

ಯಂತ್ರಕ್ಕಿಂತ ಮೊದಲು ಗ್ರೈಂಡರಿಗೆ ಹಣ ತೆಗೆದಿಡುವುದು ಒಳ್ಳೆಯದು. ಎಸ್ಪ್ರೆಸೊ ನಯದ ಪುಡಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮೂವತ್ತು ಸೆಕೆಂಡಿನ ಶಾಟ್ ಹದಿನೈದಕ್ಕೆ ಸುರಿದುಹೋಗುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಚಿಕೋರಿ ಬೆರೆಸಿದ ಪುಡಿ ಬಿಟ್ಟು ಬೀಜವನ್ನೇ ಕೇಳಬೇಕು. ಡಿಕಾಕ್ಷನ್ನಿಗೆ ಮೈ ಕೊಡುವ ಚಿಕೋರಿ ಈ ಒತ್ತಡದಲ್ಲಿ ಅಂಟಾಗಿ ಜಾಲರಿ ಕಟ್ಟುತ್ತದೆ. ಬೀಜಕ್ಕಾಗಿ ದೂರ ಹೋಗಬೇಕಿಲ್ಲ. ಕ್ರೆಮಾ ದಪ್ಪಗೆ ಕಟ್ಟಲೆಂದು ಇಟಲಿಯವರು ಮಿಶ್ರಣಕ್ಕೆ ರೋಬಸ್ಟಾ ಸೇರಿಸುತ್ತಾರೆ. ಭಾರತದ ಕಾಫಿಯನ್ನು ಬಹುಕಾಲದಿಂದ ಕೊಳ್ಳುತ್ತಿರುವ ದೊಡ್ಡ ಗಿರಾಕಿಯೂ ಇಟಲಿಯೇ. ಕೊಡಗಿನ ಕಣದಲ್ಲಿ ಒಣಗಿದ ಬೀಜಕ್ಕೂ ಮಿಲಾನಿನ ಕ್ರೆಮಾಕ್ಕೂ ಹಳೆಯ ನಂಟಿದೆ.

ಬೆಂಗಳೂರಿನವರು ನೀರನ್ನೂ ನೋಡಬೇಕು. ಬಕೆಟ್ಟಿಗೆ ಬಿಳಿ ಪದರ ಕಟ್ಟುವ ಬೋರ್‌ವೆಲ್ ನೀರು ಬಾಯ್ಲರಿಗೂ ಅದನ್ನೇ ಕಟ್ಟುತ್ತದೆ, ಸಣ್ಣ ವಾಲ್ವುಗಳನ್ನು ಮುಚ್ಚುತ್ತದೆ. ಅಮೆರಿಕದಿಂದ ಯಂತ್ರ ತರಿಸುವ ಆಸೆಯಿದ್ದವರಿಗೆ ಬೇರೆಯದೇ ತೊಡಕು. ಅಲ್ಲಿನದು 120 ವೋಲ್ಟ್, 60 ಸೈಕಲ್. ಇಲ್ಲಿನದು 230 ವೋಲ್ಟ್, 50 ಸೈಕಲ್. ಭಾರದ ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜ್ ಹೊಂದಬಹುದು, ಸೈಕಲ್ ಬದಲಾಗದು. ಸೆಕೆಂಡಿಗೆ ಅರವತ್ತು ಸಲ ಬಡಿಯಬೇಕಾದ ವೈಬ್ರೇಶನ್ ಪಂಪು ಇಲ್ಲಿ ಐವತ್ತೇ ಸಲ ಬಡಿಯುತ್ತದೆ.

ಈ ಯಂತ್ರಗಳ ಮೇಲೆ ಪ್ರೀತಿ ಹುಟ್ಟಲು ದೊಡ್ಡ ಕಾರಣ, ಇವನ್ನು ಬಿಚ್ಚಬಹುದು. ಸ್ಕ್ರೂಡ್ರೈವರ್ ಹಿಡಿದು ಮುಚ್ಚಳ ತೆಗೆದರೆ ಬಾಯ್ಲರ್, ಪಂಪು, ವಾಲ್ವು, ನಾಲ್ಕಾರು ತಂತಿ, ಅಷ್ಟೇ. ಗಡಸಾದ ರಬ್ಬರ್ ಗ್ಯಾಸ್ಕೆಟ್ಟನ್ನು ಮನೆಯಲ್ಲೇ ಬದಲಿಸಬಹುದು. ಬಿಡಿಭಾಗಗಳು ಸಿಗುತ್ತವೆ, ಇಪ್ಪತ್ತು ವರ್ಷದ ಯಂತ್ರಗಳು ಇನ್ನೂ ದುಡಿಯುತ್ತಿವೆ.

ಹಾಗಾದರೆ ಯಾವ ಮನೆಗೆ ಸರಿ? ಬೆಳಗ್ಗೆ ಸಿಂಕಿಗೆ ಬೀಳುವ ಹಾಲುಕಾಫಿಯ ಲೋಟಗಳನ್ನು ಒಂದು ವಾರ ಎಣಿಸಿದರೆ ತಿಳಿಯುತ್ತದೆ. ಎರಡಾದರೆ ಒಂದು ಡಬಲ್ ಶಾಟ್ ಹಂಚಿ, ಒಂದೇ ಸಲ ಹಾಲು ಕಾಯಿಸಿದರೆ ಮುಗಿಯಿತು. ಕಪ್ಪು ಕಾಫಿಯವರಿಗಂತೂ ಹಬೆಯ ಹಂಗೇ ಇಲ್ಲ. ಆರು ಜನ ಒಟ್ಟಿಗೆ ಕೇಳುವ ಮನೆಗೆ ಕಾಫಿಯನ್ನೂ ಹಬೆಯನ್ನೂ ಒಂದೇ ಹೊತ್ತಿಗೆ ಕೊಡುವ ಯಂತ್ರ, ಎರಡು ಬಾಯ್ಲರಿನದೋ ಹೀಟ್ ಎಕ್ಸ್‌ಚೇಂಜರಿನದೋ ಬೇಕು. ಇಲ್ಲವೇ ನೆಂಟರು ಬರುವ ದಿನದ ಹಿಂದಿನ ರಾತ್ರಿಯೇ ಸ್ಟೀಲ್ ಫಿಲ್ಟರಿಗೆ ಪುಡಿ ಹಾಕಿಟ್ಟರಾಯಿತು.

ಎಲ್ಲರೂ ಕುಡಿದೆದ್ದ ಮೇಲೂ ಒಂದು ಕೆಲಸ ಉಳಿಯುತ್ತದೆ. ಹಬೆಗೆ ನೀರು ಖರ್ಚಾಗಿ ಬಾಯ್ಲರ್ ತಗ್ಗಿರುತ್ತದೆ. ನಳಿಗೆಯ ತಿರುಪು ತೆರೆದು ಪಂಪು ಓಡಿಸಿದರೆ ಮೊದಲು ಬುಸುಗುಟ್ಟುವ ಹಬೆ, ಆಮೇಲೆ ಸಿಡಿಸಿಡಿ ನೀರು, ಕೊನೆಗೆ ತಡೆಯಿಲ್ಲದ ತೆಳ್ಳನೆಯ ಧಾರೆ. ಧಾರೆ ಕಂಡ ಮೇಲೆ ತಿರುಪು ಮುಚ್ಚಿ, ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿ, ಸ್ವಿಚ್ಚು ಆರಿಸುತ್ತಾರೆ. ನಾಳೆಗೆ ಬಾಯ್ಲರ್ ತುಂಬಿದೆ.