ಮೊಳಕೆ ಆಟಗಾರರ ಸರದಿ

ನಾವು ಚಿಕ್ಕವರಾಗಿದ್ದಾಗ ಅರಸೀಕೆರೆಯಲ್ಲಿ ಆಟಕ್ಕೆ ತಂಡ ಕಟ್ಟುವುದೇ ಒಂದು ಆಟ. ಇಬ್ಬರು ದೊಡ್ಡ ಹುಡುಗರು ನಾಯಕರು. ಉಳಿದವರಲ್ಲಿ ಸರಿಸಮಾನರಾದ ಇಬ್ಬಿಬ್ಬರು ಜೋಡಿಯಾಗಿ, ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಹೆಸರು ಇಟ್ಟುಕೊಂಡು ಬರಬೇಕು. ‘ಸೂರ್ಯ ಬೇಕೋ, ಚಂದ್ರ ಬೇಕೋ?’ ನಾಯಕ ‘ಸೂರ್ಯ’ ಎಂದರೆ ಸೂರ್ಯ ಆ ಕಡೆ, ಚಂದ್ರ ಈ ಕಡೆ. ಯಾರು ಸೂರ್ಯ ಎಂಬುದು ಅವನಿಗೆ ತಿಳಿಯದ ಕಾರಣ ಒಳ್ಳೆಯ ಆಟಗಾರರೆಲ್ಲ ಒಂದೇ ಕಡೆ ಸೇರುವಂತಿರಲಿಲ್ಲ. ಜೋಡಿ ಸಿಗದೆ ಕೊನೆಗೊಬ್ಬ ಉಳಿದರೆ, ಸಾಮಾನ್ಯವಾಗಿ ಎಲ್ಲರಿಗಿಂತ ಚಿಕ್ಕವನು, ಅವನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ತೆಂಗಿನ ಮಟ್ಟೆಯ ಬ್ಯಾಟು ಅವನ ಕೈಗೂ ಬರುತ್ತಿತ್ತು, ಆದರೆ ಅವನು ಹೊಡೆದ ರನ್ನು ಯಾರ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಈಗ ನನ್ನ ಮೊಮ್ಮಕ್ಕಳು ಬೇಸಿಗೆ ರಜೆಗೆ ಬಂದಾಗ ಆಡುವುದು ಕಾಗದದ ಕ್ರಿಕೆಟ್. ಮನೆಯಲ್ಲೇ ಇರುವ ದೊಡ್ಡ ಮೊಮ್ಮಗ, ಅವನ ತಮ್ಮ, ಬೇಲೂರಿನ ಮೊಮ್ಮಗಳು, ಹಳೇಬೀಡಿನ ಪುಟ್ಟಿ ಹೀಗೆ ನಾಲ್ಕು ತಂಡ. ಐಪಿಎಲ್ ಆಟಗಾರರನ್ನು ಹಂಚಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ನಿಜವಾದ ಪಂದ್ಯದಲ್ಲಿ ಆ ಆಟಗಾರ ಹೊಡೆದ ಒಂದೊಂದು ರನ್ನಿಗೆ 1 ಅಂಕ, ವಿಕೆಟ್‌ಗೆ 25, ಕ್ಯಾಚ್‌ಗೆ 10. ಇದು ಇವರು ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರರೂ ಅವರ ಗೆಳೆಯರೂ ಬೇಸ್‌ಬಾಲ್ ಆಟಗಾರರನ್ನು ಹೀಗೇ ಹಂಚಿಕೊಂಡು ಆಡತೊಡಗಿದರು. ತಾವು ಸೇರುತ್ತಿದ್ದ ನ್ಯೂಯಾರ್ಕಿನ ಒಂದು ಹೋಟೆಲಿನ ಹೆಸರನ್ನೇ ಆಟಕ್ಕೆ ಇಟ್ಟರಂತೆ. ನಮ್ಮ ಮನೆಯದಕ್ಕೆ ಹೆಸರಿಲ್ಲ. ದುಡ್ಡಂತೂ ಇಲ್ಲವೇ ಇಲ್ಲ. ಗೆದ್ದವರಿಗೆ ಅಜ್ಜಿ ಮಾಡುವ ಕೊಬ್ಬರಿ ಮಿಠಾಯಿಯಲ್ಲಿ ಮೊದಲ ತುಂಡು, ಅಷ್ಟೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಬಂತು. ನಮ್ಮ ಮನೆಯಲ್ಲಿ ಅದು ಅದಕ್ಕೂ ಮೊದಲೇ ಅಜ್ಜಿಯ ಬಾಯಿಂದ ಜಾರಿಯಾಗಿತ್ತು.

2025ರ ಏಪ್ರಿಲ್‌ನಲ್ಲಿ ಮಕ್ಕಳು ಹೊಸದೊಂದು ನಿಯಮ ತಂದರು. ಪ್ರತಿ ತಂಡಕ್ಕೂ ಇಬ್ಬರು ‘ಮೊಳಕೆ’ಗಳು. 21 ತುಂಬಿರಬಾರದು, ಭಾರತಕ್ಕೆ ಇನ್ನೂ ಆಡಿರಬಾರದು. ಉಳಿದ ಆಟಗಾರರನ್ನು ವರ್ಷ ವರ್ಷ ಹೊಸದಾಗಿ ಹಂಚಬೇಕು, ಆದರೆ ಮೊಳಕೆಯನ್ನು ಅವನು ಭಾರತ ತಂಡಕ್ಕೆ ಆಡುವವರೆಗೂ ಇಟ್ಟುಕೊಳ್ಳಬಹುದು.

ಯಾರು ಮೊದಲು ಆರಿಸಬೇಕು? ಹಿಂದಿನ ವರ್ಷ ಕೊನೆಗೆ ಬಂದವರು ಮೊದಲು ಎಂದಿತು ಬೇಲೂರಿನದು. ಅಮೆರಿಕದ ಬೇಸ್‌ಬಾಲಿನಲ್ಲೂ 1965ರಿಂದ ಹೊಸ ಹುಡುಗರನ್ನು ಆರಿಸುವುದಕ್ಕೆ ಸೋತ ತಂಡಗಳನ್ನೇ ಮೊದಲು ಕರೆಯುವುದು ರೂಢಿ. ಇದನ್ನು ಹೇಳಿದೆನೋ ಇಲ್ಲವೋ, ದೊಡ್ಡವನು ‘ಹಾಗಾದ್ರೆ ಈ ಸಲ ಬೇಕಂತಲೇ ಸೋತುಬಿಡ್ತೀನಿ ತಾತ, ಮುಂದಿನ ವರ್ಷ ನಾನೇ ಫಸ್ಟು’ ಅಂದ. ಈ ಬುದ್ಧಿ ಅಲ್ಲಿಯವರಿಗೂ ಹೊಳೆಯದೆ ಇರಲಿಲ್ಲ. ಅದಕ್ಕೇ ಬ್ಯಾಸ್ಕೆಟ್‌ಬಾಲ್‌ನವರು 1985ರಿಂದ, ಬೇಸ್‌ಬಾಲಿನವರು 2022ರಿಂದ ಚೀಟಿ ಎತ್ತುವ ಪದ್ಧತಿ ಮಾಡಿಕೊಂಡಿದ್ದಾರೆ. ನಮ್ಮಲ್ಲೂ ಕೊನೆಯ ಇಬ್ಬರಿಗೆ ಚೀಟಿ ಹಾಕಿದೆವು. ಕೊನೆಯ ಸ್ಥಾನದಲ್ಲಿದ್ದ ಪುಟ್ಟಿಗೆ ಎರಡು ಬಂತು, ಬೇಲೂರಿಗೆ ಒಂದು. ಪುಟ್ಟಿಯ ಮುಖ ಚಿಕ್ಕದಾಯಿತು. ಮೂರನೇ ತರಗತಿಯ ಮಗು, ಪಾಪ.

ಎರಡನೇ ಸುತ್ತು ಹಿಂದುಮುಂದಾಗಿ. ನಾವಿದನ್ನು ‘ಹಾವಿನ ಸರದಿ’ ಅನ್ನುತ್ತೇವೆ. ಮೊದಲ ಸುತ್ತಿನಲ್ಲಿ 1, 2, 3, 4 ಎಂದು ಹೋದದ್ದು ತಿರುಗಿ 4, 3, 2, 1 ಎಂದು ಬರುತ್ತದೆ. ಮೊದಲಿಗರಿಗೆ 1 ಮತ್ತು 8ನೇ ಆಯ್ಕೆ, ಕೊನೆಯವರಿಗೆ 4 ಮತ್ತು 5. ಮಕ್ಕಳೇ, ನಾಲ್ವರದ್ದೂ ಕೂಡಿಸಿ ನೋಡಿ, ಎಲ್ಲರಿಗೂ 9 ಬರುತ್ತದೆ. ತಿರುಗದೆ ನೇರವಾಗಿ ಹೋಗಿದ್ದರೆ ಒಬ್ಬರಿಗೆ 6, ಒಬ್ಬರಿಗೆ 12.

‘ಯಾವ ಮೊಳಕೆ ಮರ ಆಗುತ್ತೆ ಅಂತ ಹೇಗೆ ಗೊತ್ತಾಗುತ್ತೆ ತಾತ?’ ಅಂದಳು ಪುಟ್ಟಿ. ನಾನು ನಮ್ಮ ಕಡೆಯ ಇಬ್ಬರ ಕಥೆ ಹೇಳಿದೆ. ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವಾಗ ಜಾವಗಲ್ ಸಿಗುತ್ತದಲ್ಲ, ಆ ಊರನ್ನು ಹೆಸರಿನಲ್ಲಿಟ್ಟುಕೊಂಡವರು ಜಾವಗಲ್ ಶ್ರೀನಾಥ್. ಕ್ಲಬ್ ಪಂದ್ಯವೊಂದರಲ್ಲಿ ಅವರ ಬೌಲಿಂಗ್ ನೋಡಿ ಮೆಚ್ಚಿದವರು ಜಿ.ಆರ್. ವಿಶ್ವನಾಥ್. ರಣಜಿಯ ಮೊದಲ ಪಂದ್ಯದಲ್ಲೇ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್! 1991ರಲ್ಲಿ ಭಾರತ ತಂಡ ಸೇರಿ ಟೆಸ್ಟ್‌ನಲ್ಲಿ 236, ಒಂದು ದಿನದ ಪಂದ್ಯಗಳಲ್ಲಿ 315 ವಿಕೆಟ್ ತೆಗೆದರು. ಇನ್ನೊಬ್ಬರು ಡೇವಿಡ್ ಜಾನ್ಸನ್. ಅವರು ಹುಟ್ಟಿದ್ದೇ ನಮ್ಮ ಅರಸೀಕೆರೆಯಲ್ಲಿ. ಅವರ ಚೆಂಡೂ ಬೆಂಕಿಯೇ. ರಣಜಿಯಲ್ಲಿ ಕೇರಳದ ವಿರುದ್ಧ ಒಂದೇ ಪಂದ್ಯದಲ್ಲಿ ಹತ್ತು ವಿಕೆಟ್ ಉರುಳಿಸಿದ್ದರು. 1996ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧದ ದಿಲ್ಲಿ ಟೆಸ್ಟ್‌ಗೆ ಅವರನ್ನು ಕರೆದರು. ಯಾರ ಜಾಗಕ್ಕೆ ಗೊತ್ತೇ? ಗಾಯಗೊಂಡಿದ್ದ ಶ್ರೀನಾಥ್ ಜಾಗಕ್ಕೆ! ಆಮೇಲೆ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಒಂದು ಟೆಸ್ಟ್. ಅಲ್ಲಿಗೆ ಮುಗಿಯಿತು. ಎರಡು ಟೆಸ್ಟ್, ಮೂರು ವಿಕೆಟ್. 2024ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ವಯಸ್ಸಿನ ಅನೇಕರಿಗೆ ಮನೆಯ ಹುಡುಗನೇ ಹೋದಂತಾಯಿತು.

‘ಇಬ್ಬರಲ್ಲಿ ನೀವು ಯಾರನ್ನ ಆರಿಸ್ತಿದ್ರಿ?’ ದೊಡ್ಡವನ ಪ್ರಶ್ನೆ. ಆಗಿನ ಚೆಂಡಿನ ವೇಗ ನೋಡಿ ನಮ್ಮೂರಿನವನನ್ನೇ ಆರಿಸುತ್ತಿದ್ದೆನೇನೋ! ಬಲ್ಲವರಿಗೂ ಇದು ಸುಲಭವಲ್ಲ. 2008ರಲ್ಲಿ ಐಪಿಎಲ್ ಶುರುವಾದಾಗ, 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಹುಡುಗರನ್ನು ಹರಾಜಿಗಿಡದೆ ಸರದಿಯ ಮೇಲೆ ಹಂಚಿದರು. ದಿಲ್ಲಿಯವರು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿ ತಮ್ಮದೇ ಊರಿನ ಹುಡುಗನೊಬ್ಬನನ್ನು ಬಿಟ್ಟುಕೊಟ್ಟರು. ಅವನು ಬೆಂಗಳೂರಿಗೆ ಬಂದ. ಅವನೇ ವಿರಾಟ್ ಕೊಹ್ಲಿ. ಇದನ್ನು ಕೇಳಿ ಬೇಲೂರಿನದು ಸುಮ್ಮನಿದ್ದೀತೇ? ‘ನಮ್ಮ ದೇವಸ್ಥಾನದ ಮದನಿಕೆ ಕೆತ್ತಿದ ಚಾವಣನೂ ಅವರಪ್ಪ ದಾಸೋಜನ ಹಿಂದೆ ಬಳ್ಳಿಗಾವಿಯಿಂದ ಬಂದ ಮೊಳಕೆಯೇ ಇರಬೇಕು’ ಎಂದು ಸೇರಿಸಿತು.

ಬೇಲೂರು ಮೊದಲು ಅಂಗ್‌ಕ್ರಿಶ್ ರಘುವಂಶಿಯನ್ನು ಎತ್ತಿಕೊಂಡಿತು. ಪುಟ್ಟಿ ತನ್ನ ಎರಡನೇ ಸರದಿಗೆ, ಅಂದರೆ ಏಳನೆಯದಾಗಿ, ವೈಭವ್ ಸೂರ್ಯವಂಶಿ ಎಂದಳು. ‘ಅವನು ಹದಿನಾಲ್ಕು ವರ್ಷದ ಹುಡುಗ ಕಣೇ, ಆಡಿಸೋದೇ ಇಲ್ಲ’ ಎಂದು ದೊಡ್ಡವನು ನಕ್ಕ. ಏಪ್ರಿಲ್ 19ರಂದು ಆಡಿಸಿದರು. ಮೊದಲ ಚೆಂಡೇ ಸಿಕ್ಸರ್. 28ರ ರಾತ್ರಿ ಜೈಪುರದಲ್ಲಿ ಗುಜರಾತ್ ವಿರುದ್ಧ 35 ಚೆಂಡಿಗೆ ಶತಕ! ಒಟ್ಟು 101 ರನ್, ಅಂದರೆ 101 ಅಂಕ. ಆದರೆ ಪುಟ್ಟಿ ಆಗಲೇ ನಿದ್ದೆ ಹೋಗಿದ್ದಳು.

ಬೆಳಗ್ಗೆ ಕಾಫಿಗೆ ಮುಂಚೆಯೇ ದೊಡ್ಡವನು ಅವಳ ಹಾಸಿಗೆಯ ಪಕ್ಕ ಕೂತು, ‘ನಿನ್ನ ಆ ಹುಡುಗನ್ನ ಕೊಡು, ನನ್ನ ಎರಡೂ ಮೊಳಕೆ ತಗೋ’ ಎಂದು ಕೇಳಿದ್ದಾನೆ. ಅರ್ಧ ಕಣ್ಣು ತೆರೆದು ‘ಹೂಂ’ ಎಂದಿದ್ದಾಳೆ. ಅವನು ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟ. ಟಿವಿ ಹಾಕಿದಾಗ ಗುಟ್ಟು ಹೊರಬಿತ್ತು.

ಪುಟ್ಟಿ ಅಳಲಿಲ್ಲ. ತನ್ನ ನೋಟ್‌ಬುಕ್ ತೆಗೆದುಕೊಂಡು, ‘ನಾನು ನಿಮ್ಮ ಆಟಕ್ಕಿಲ್ಲ, ಅಪ್ಪಂಗೆ ಫೋನ್ ಮಾಡಿ, ಊರಿಗೆ ಹೋಗ್ತೀನಿ’ ಅಂದಳು. ಎಲ್ಲರೂ ನನ್ನ ಮುಖ ನೋಡಿದರು. ನಿಯಮ ಓದಿ ಎಂದೆ. ಅದಲುಬದಲಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ‘ಅವಳೇ ಹೂಂ ಅಂದ್ಲು’ ಎಂದು ದೊಡ್ಡವನು ವಾದಿಸಿದ. ತಮ್ಮ, ಯಾವತ್ತೂ ಅಣ್ಣನ ಪಕ್ಷದವನು, ‘ನಿನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ’ ಎಂದ. ಅದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ತಿಂಡಿ ಮುಗಿಯುವವರೆಗೂ ಮುಖ ಊದಿಸಿಕೊಂಡಿದ್ದವನು ಆಮೇಲೆ ತಾನೇ ರಬ್ಬರ್ ತಂದು ಆ ಸಾಲನ್ನು ಅಳಿಸಿದ. ಅದರ ಜಾಗದಲ್ಲಿ ಹೊಸ ಸಾಲು ಬಂತು: ಅದಲುಬದಲು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆಯೇ ಆಗಬೇಕು, ಉಳಿದ ಇಬ್ಬರೂ ಒಪ್ಪಬೇಕು.

ಜೂನ್ 3ರಂದು ಬೆಂಗಳೂರು ತಂಡ ಕಪ್ ಗೆದ್ದ ದಿನ ಲೆಕ್ಕ ಹಾಕಿದೆವು. ದೊಡ್ಡವನೇ ಮೊದಲು. ಪುಟ್ಟಿ ಮೂರನೆಯವಳು. ಫೋನಿನಲ್ಲಿ ವಿಷಯ ತಿಳಿಸಿದಾಗ ಅವಳ ಚಿಂತೆ ಬೇರೆಯೇ ಇತ್ತು.

‘ತಾತ, ಅವನು ಇಂಡಿಯಾಗೆ ಆಡಿದ್ರೆ ನಾನು ಬಿಟ್ಟುಕೊಡಬೇಕಾ?’

‘ನಿಯಮ ಹಾಗೇ ಇದೆಯಲ್ಲಮ್ಮ.’

ಸ್ವಲ್ಪ ಹೊತ್ತು ಮಾತಿಲ್ಲ. ‘ಆಡ್ಲಿ ತಾತ. ಆದ್ರೆ ನಾನು ಐದನೇ ಕ್ಲಾಸಿಗೆ ಬಂದ ಮೇಲೆ ಆಡ್ಲಿ.’